ಆಚೆ ದಡದ ಬಾಕಿ

ವರ್ನಾ ಸ್ಟಂಬೊಳ ದನಿ ಕೇಳಿಯೂ ಸಾಲ ಕಟ್ಟದೆ ಉಳಿದವರು ನಮ್ಮ ಕಣಿವೆಯಲ್ಲಿ ಕಡಿಮೆ. ಅವಳೇನೂ ಬೈಯುತ್ತಿರಲಿಲ್ಲ. ಬೈಯುವವರು ನಮ್ಮ ಕಚೇರಿಯಲ್ಲಿ ಬೇಕಾದಷ್ಟಿದ್ದರು, ಅವರ ಫೋನನ್ನು ಜನ ಪಟ್ಟನೆ ಇಟ್ಟುಬಿಡುತ್ತಿದ್ದರು. ವರ್ನಾ ಅರವತ್ತು ದಾಟಿದ ವಿಧವೆ, ಭಾನುವಾರಗಳಲ್ಲಿ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹಾಡುವವಳು. ಆ ಹಾಡಿನ ದನಿಯಲ್ಲೇ ಫೋನಿನಲ್ಲಿ ಮೊದಲು ಮಂಡಿನೋವು ವಿಚಾರಿಸುವಳು, ಆಮೇಲೆ ಮೊಮ್ಮಕ್ಕಳನ್ನು, ಆಮೇಲೆ ನಾಯಿಯನ್ನು. ಆ ಕಡೆಯವರು ಮನಸ್ಸು ಬಿಚ್ಚಿ, ಮೂಗು ಸೊರಸೊರ ಎಳೆಯುತ್ತ ಮಾತಾಡತೊಡಗಿದಾಗ ಮೆಲ್ಲಗೆ ಕೇಳುವಳು:

"ಅಂದಹಾಗೆ ಕಂದಾ, ಈ ವರ್ಷದ ಟ್ಯಾಕ್ಸ್ ರಿಫಂಡ್ ಬಂತಾ?"

ಬಂದಿದ್ದರೆ ಮುಗಿಯಿತು. ಅರ್ಧ ಗಂಟೆಯಲ್ಲಿ ಅದು ನಮ್ಮದು.

ನಾನು ಟ್ವೈಲಾ ರ್‍ಯಾಟ್‌ಕ್ಲಿಫ್. ಶಾಲೆಯ ಊಟದ ಮನೆಯಲ್ಲಿ ಸೌಟು ಹಿಡಿದಿದ್ದವಳು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದ ಮೇಲೆ ರಿವರ್‌ಬೆಂಡ್ ವಸೂಲಿ ಕಂಪನಿಗೆ ಸೇರಿ, ವರ್ನಾಳ ಪಕ್ಕದ ಕುರ್ಚಿಯಲ್ಲಿ ಕೂತೆ. ಕಂಪನಿ ಇದ್ದದ್ದು ಹಳೆಯ ಬೌಲಿಂಗ್ ಆಟದ ಕಟ್ಟಡದಲ್ಲಿ. ಗೂಟಗಳನ್ನು ಬೀಳಿಸಲು ಚೆಂಡು ಉರುಳಿಸುತ್ತಿದ್ದ ಮರದ ಹಾಸಿನ ಮೇಲೇ ನಮ್ಮ ಮೇಜುಗಳು. ಆಟಗಾರರಿಗೆ ಬೂಟು ಬಾಡಿಗೆ ಕೊಡುತ್ತಿದ್ದ ಕೌಂಟರಿಗೆ ಗಾಜು ಕೂರಿಸಿ ನಮ್ಮ ಯಜಮಾನ ರ್‍ಯಾಂಡಲ್ ಟೀಗ್ ತನ್ನ ಕೋಣೆ ಮಾಡಿಕೊಂಡಿದ್ದ. ಮಳೆಗಾಲದಲ್ಲಿ ಇಡೀ ಕಚೇರಿ ಯಾರೋ ಬಿಟ್ಟುಹೋದ ಕಾಲುಚೀಲದ ವಾಸನೆ ಹೊಡೆಯುತ್ತಿತ್ತು.

ನಮ್ಮ ಊರು ಒಹಾಯೊ ನದಿಯ ಈ ದಡದಲ್ಲಿದೆ. ಆಚೆ ದಡ ಬೇರೆ ರಾಜ್ಯ. ಅಲ್ಲಿ ಸಿಗರೇಟು ತುಟ್ಟಿ, ಪೆಟ್ರೋಲು ಅಗ್ಗ. ಎರಡು ರಾಜ್ಯಗಳಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಬ್ಯಾಸ್ಕೆಟ್‌ಬಾಲಿನಲ್ಲೂ ಆಗುವುದಿಲ್ಲ, ನದಿಯ ಮೀನಿನ ವಿಷಯದಲ್ಲೂ ಆಗುವುದಿಲ್ಲ. ಒಂದರಲ್ಲಿ ಮಾತ್ರ ಭಾರಿ ಸ್ನೇಹ: ಇವರ ನಿವಾಸಿ ಅವರಿಗೆ ಏನಾದರೂ ಬಾಕಿ ಉಳಿಸಿಕೊಂಡಿದ್ದರೆ, ಇವರು ಅವನ ತೆರಿಗೆ ರಿಫಂಡನ್ನು ಹಿಡಿದು ಅವರಿಗೆ ದಾಟಿಸುತ್ತಾರೆ. ಅವರೂ ಹಾಗೆಯೇ. ಇಂಥದ್ದೊಂದು ಒಪ್ಪಂದ ಆದ ವರ್ಷ ಟೀಗ್ ನಮಗೆಲ್ಲ ಕೇಕು ಹಂಚಿದ್ದ. ಫೆಬ್ರವರಿ, ಮಾರ್ಚ್ ನಮಗೆ ಸುಗ್ಗಿ. ಜನ ತೆರಿಗೆ ಫಾರಂ ತುಂಬಿ ಕನಸು ಕಾಣುತ್ತ ಕೂತಿರುತ್ತಾರೆ, ನಾವು ಆ ಕನಸಿನ ಬಾಗಿಲು ತಟ್ಟುತ್ತೇವೆ.

ಆ ವರ್ಷ ವರ್ನಾಳಿಗೂ ಒಂದು ಕನಸಿತ್ತು. ಹಲ್ಲು.

ಅವಳ ಮೇಲಿನ ಹಲ್ಲಿನ ಸೆಟ್ಟು ಗಂಡ ಡ್ವೈಟ್ ಇದ್ದಾಗ ಮಾಡಿಸಿದ್ದು. ವಯಸ್ಸಾದಂತೆ ವಸಡು ಕುಗ್ಗಿ ಸೆಟ್ಟು ಸಡಿಲವಾಗಿ, ಹಿಂದಿನ ಚಳಿಗಾಲದಿಂದ 'ಸ' ಎನ್ನುವಾಗಲೆಲ್ಲ ಸಿಳ್ಳೆ ಬರತೊಡಗಿತ್ತು. ಬೇರೆ ಕೆಲಸವಾಗಿದ್ದರೆ ತಡೆಯಬಹುದಿತ್ತು. ನಮ್ಮ ಕೆಲಸದಲ್ಲಿ 'ಸಾಲ' ಎನ್ನದೆ ಒಂದು ನಿಮಿಷ ಕಳೆಯುವುದೂ ಕಷ್ಟ. ಒಬ್ಬ ಟ್ರಕ್ ಚಾಲಕ, "ಅಮ್ಮಾ, ನಿಮ್ಮ ಹಿಂದೆ ಯಾರೋ ಹಕ್ಕಿ ಸಾಕಿದಾರಾ?" ಎಂದು ಕೇಳಿದ ದಿನ ವರ್ನಾ ಮಧ್ಯಾಹ್ನ ಊಟ ಮಾಡಲಿಲ್ಲ.

"ಈ ಸಲ ರಿಫಂಡ್ ಬರ್ಲಿ ಟ್ವೈಲಾ, ಹೊಸದು ಹಾಕಿಸ್ಕೊಂಡೇ ಬಿಡ್ತೀನಿ. ಡಾಕ್ಟರ್ ಅಳತೇನೂ ತಗೊಂಡಿದಾನೆ. ಆಮೇಲೆ ನೋಡು, ಸೇಬು ಕಚ್ತೀನಿ, ಇಡೀ ಸೇಬು."

ವರ್ಷವಿಡೀ ನಮ್ಮ ಕಚೇರಿಯವರೇ ಲೆಕ್ಕ ತಪ್ಪಿ ಅವಳ ಸಂಬಳದಿಂದ ರಾಜ್ಯದ ತೆರಿಗೆಯನ್ನು ಜಾಸ್ತಿ ಮುರಿದಿದ್ದರು. ಹಾಗಾಗಿ ಒಂಬೈನೂರು ಚಿಲ್ಲರೆ ಡಾಲರ್ ವಾಪಸು ಬರುವುದಿತ್ತು.

ಮಾರ್ಚಿನ ಒಂದು ಶುಕ್ರವಾರ ಟೀಗ್ ಪಿಜ್ಜಾ ತರಿಸಿದ. ಗೋಡೆಗೆ ಹಾಕಿದ್ದ ಹಿತ್ತಾಳೆಯ ಗಂಟೆಯನ್ನು ಢಣಢಣ ಬಾರಿಸಿ ಮೇಜಿನ ಮೇಲೆ ಹತ್ತಿ ನಿಂತ.

"ತಿಂಗಳ ಅತ್ಯುತ್ತಮ ವಸೂಲಿಗಾರ್ತಿ, ಮತ್ತೆ ನಮ್ಮ ವರ್ನಾ! ಕೊನೇ ಏಟು ನೋಡಿ ಹೆಂಗಿದೆ. ಆಚೆ ದಡದ ಸೇತುವೆ ಮಂಡಳಿ ಟೋಲ್ ಬಾಕಿ. ವರ್ಷದಿಂದ ತಪ್ಪಿಸ್ಕೊಂಡು ತಿರುಗ್ತಿದ್ದ ಒಬ್ಬ ಕಳ್ಳನ ರಿಫಂಡ್ ನಿನ್ನೆ ಪೂರ್ತಿ ಕೈಗೆ ಸಿಕ್ಕಿದೆ. ಚಪ್ಪಾಳೆ!"

ನಾವು ಚಪ್ಪಾಳೆ ತಟ್ಟಿದೆವು. ವರ್ನಾಳಿಗೆ ಮಾಂಸದ ಹೋಟೆಲಿನ ಐವತ್ತು ಡಾಲರಿನ ಉಡುಗೊರೆ ಕಾರ್ಡು ಸಿಕ್ಕಿತು. ಆ ಹೋಟೆಲಿನಲ್ಲಿ ದನದ ಮಾಂಸದ ದಪ್ಪ ತುಂಡುಗಳನ್ನು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಅವಳು ನಾಲಿಗೆಯಿಂದ ಹಲ್ಲಿನ ಸೆಟ್ಟನ್ನು ಒಮ್ಮೆ ಒತ್ತಿ ನೋಡಿಕೊಂಡು ಕಾರ್ಡನ್ನು ನನ್ನ ಕೈಗೆ ತುರುಕಿದಳು.

"ಯಾರೇ ಅದು, ಟೋಲ್ ಕಳ್ಳ?" ಎಂದೆ.

"ನಮ್ಮೋರೇ ಒಬ್ರು ಇರ್ಬೇಕು. ವಿ. ಸ್ಟಂಬೊ ಅಂತಿದೆ. ಡ್ವೈಟ್‌ನ ಚಿಕ್ಕಪ್ಪ ವೆಸ್ಟರ್ ಇದಾನಲ್ಲ, ಆ ಕುಡುಕ, ಅವನೇ. ಎಷ್ಟು ಕಾಗದ ಹಾಕಿದ್ರೂ ವಾಪಸ್ ಬರೋವು. ಫೋನ್ ಸತ್ತೋಗಿದೆ. ಸಿಗ್ಬೇಕಿತ್ತು ಬಿಡು. ಡ್ವೈಟ್‌ನ ಹೂಳಿದ ದಿನದ ಊಟಕ್ಕೆ ಬಂದು ನಮ್ಮ ಮನೆ ಕೊಡೆ ಎತ್ಕೊಂಡು ಹೋಗಿದ್ದ."

'ಎಸ್' ಅಕ್ಷರದ ಸಾಲಗಾರರೆಲ್ಲ ವರ್ನಾಳ ಪಾಲಿಗೆ ಬರುತ್ತಿದ್ದರು. ಆ ಖಾತೆಗಳಲ್ಲಿ ಬಹುಪಾಲನ್ನು ಯಂತ್ರವೇ ನೋಡಿಕೊಳ್ಳುತ್ತಿತ್ತು. ತಾನೇ ಡಯಲ್ ಮಾಡುವುದು, ತಾನೇ ಕಾಗದ ಕಳಿಸುವುದು, ಯಾರಾದರೂ ಸಿಕ್ಕರೆ ಮಾತ್ರ ನಮಗೆ ಕೊಡುವುದು. ಹಾಗಾಗಿ ಆ ವಿ. ಸ್ಟಂಬೊನ ಖಾತೆಯನ್ನು ಅವಳು ಸರಿಯಾಗಿ ನೋಡಿಯೂ ಇರಲಿಲ್ಲ.

ಸೋಮವಾರ ಅವಳು ಬಂದಾಗ ಮುಖ ಬಿಳುಚಿತ್ತು. ಕೋಟು ಕಳಚದೆ ಕುರ್ಚಿಯಲ್ಲಿ ಕೂತು, ಚೀಲದಿಂದ ಒಂದು ಸರ್ಕಾರಿ ಕಾಗದ ತೆಗೆದು ನನ್ನ ಮುಂದಿಟ್ಟಳು. ನಿಮ್ಮ ರಿಫಂಡನ್ನು ಪಕ್ಕದ ರಾಜ್ಯದಲ್ಲಿರುವ ನಿಮ್ಮ ಬಾಕಿಗೆ ಹೊಂದಿಸಲಾಗಿದೆ, ಎಂದಿತ್ತು. ಕೆಳಗೆ ಬಾಕಿಯ ಸಂಖ್ಯೆ. ವರ್ನಾ ತನ್ನ ಕಂಪ್ಯೂಟರಿನಲ್ಲಿ ಆ ಸಂಖ್ಯೆ ಹೊಡೆದಳು. ಶುಕ್ರವಾರ ನಾವು ಚಪ್ಪಾಳೆ ತಟ್ಟಿದ್ದ ಖಾತೆಯೇ ತೆರೆದುಕೊಂಡಿತು. ಅಲ್ಲಿದ್ದ ವಿಳಾಸ ಅವಳದೇ, ಡ್ವೈಟ್ ಇದ್ದಾಗಿನ ಹಳೆಯ ಮನೆಯದು. ಆ ಜಾಗದಲ್ಲಿ ಈಗ ಗೋದಾಮು ಎದ್ದಿದೆ. ಸತ್ತ ಫೋನೂ ಆ ಮನೆಯದೇ.

"ಅಯ್ಯೋ ದೇವರೇ," ಎಂದೆ. "ನಿನ್ನನ್ನ ನೀನೇ ವಸೂಲಿ ಮಾಡಿದೀಯಲ್ಲೇ."

"ಅದಿರ್ಲಿ. ನಾನು ಆ ಸೇತುವೆ ದಾಟಿ ಎಷ್ಟು ವರ್ಷ ಆಯ್ತು ಗೊತ್ತಾ? ಡ್ವೈಟ್ ಸತ್ತ ಮೇಲೆ ದಾಟೇ ಇಲ್ಲ. ಆಚೆ ಏನಿದೆ ನಂಗೆ?"

ಅವಳು ಅಳಲಿಲ್ಲ. ಹೆಡ್‌ಫೋನು ಹಾಕಿಕೊಂಡು, ನಮ್ಮ ರಾಜ್ಯದ ತೆರಿಗೆ ಇಲಾಖೆಗೆ ಫೋನು ಮಾಡಿದಳು. ವಾದ್ಯ ಸಂಗೀತ ಬಹಳ ಹೊತ್ತು ಕೇಳಿದ ಮೇಲೆ ಒಬ್ಬ ತರುಣ ಎತ್ತಿದ. ಇಲಾಖೆ ತನ್ನ ಫೋನುಗಳನ್ನು ಗುತ್ತಿಗೆಗೆ ಕೊಟ್ಟಿತ್ತು, ಅವನು ಕೂತಿದ್ದು ದೂರದ ನೆಬ್ರಾಸ್ಕ ರಾಜ್ಯದಲ್ಲಿ.

"ನಾವು ಬರೀ ಹಿಡಿದು ಕೊಡೋರು ಮೇಡಂ. ಯಾಕೆ ಹಿಡಿದ್ವಿ ಅನ್ನೋದು, ಹಿಡೀರಿ ಅಂತ ಕೇಳಿದೋರಿಗೆ ಗೊತ್ತು."

"ಮಗಾ, ಅದು ನಂದಲ್ಲ ಅಂತ ಹೇಳ್ತಿದೀನಿ."

"ಹಾಗೇ ಎಲ್ರೂ ಹೇಳ್ತಾರೆ ಮೇಡಂ. ಅಂದಹಾಗೆ ನದಿ ದಾಟೋಕೆ ದುಡ್ಡು ಕೇಳ್ತಾರಾ ನಿಮ್ಮಲ್ಲಿ? ನಮ್ಮೂರಲ್ಲಿ ನದೀನೇ ಇಲ್ಲ."

ಆಚೆ ದಡದ ಸೇತುವೆ ಮಂಡಳಿಗೆ ಮಾಡಿದಳು. ಅಲ್ಲಿನ ಹೆಂಗಸು ಬಹಳ ಮರ್ಯಾದಸ್ಥೆ. ನಿಮ್ಮ ಖಾತೆಯನ್ನು ನಾವು ಒಂದು ವಸೂಲಿ ಕಂಪನಿಗೆ ಒಪ್ಪಿಸಿದ್ದೇವೆ, ಇನ್ನು ಮುಂದೆ ಏನಿದ್ದರೂ ಅವರ ಹತ್ತಿರವೇ ಮಾತಾಡಬೇಕು, ಎಂದು ಹೇಳಿ ಆ ಕಂಪನಿಯ ಫೋನ್ ನಂಬರನ್ನು ಬಿಡಿಸಿ ಬಿಡಿಸಿ ಹೇಳಿದಳು. ಅದು ವರ್ನಾಳ ಮೇಜಿನ ಮೇಲೆ, ಎಲ್ಲ ಕಾಗದಗಳ ತಲೆಯಲ್ಲೂ, ನಮ್ಮ ಕಾಫಿ ಬಟ್ಟಲುಗಳ ಮೇಲೂ ಅಚ್ಚಾಗಿದ್ದ ನಂಬರು.

"ಅಲ್ಲಿಯೋರು ತುಂಬ ಒಳ್ಳೇ ಜನ," ಎಂದಳು ಆ ಹೆಂಗಸು. "ಒಬ್ರು ವಯಸ್ಸಾದೋರಿದಾರೆ, ಹಾಡಿನ ಥರ ಮಾತಾಡ್ತಾರೆ. ಅವರನ್ನೇ ಕೇಳಿ."

ಟೀಗ್ ಆ ವಾರ ಫ್ಲೋರಿಡಾದಲ್ಲಿದ್ದ. ವಸೂಲಿ ಕಂಪನಿಗಳ ಸಮ್ಮೇಳನ, ವಿಷಯ 'ಸಾಲಗಾರರಲ್ಲಿ ಕನಿಕರ'. ವರ್ನಾ ಅವನಿಗೆ ಫೋನು ಮಾಡಿ ಸಂಗತಿ ಹೇಳಿದಳು. ಹಿಂದುಗಡೆ ಸಮುದ್ರದ ಸದ್ದು, ಗಾಜಿನ ಬಟ್ಟಲುಗಳ ಸದ್ದು ನನಗೂ ಕೇಳುತ್ತಿತ್ತು.

"ಛೆ ಛೆ ಛೆ," ಎಂದ ಟೀಗ್. "ಆದ್ರೆ ನಿಯಮ ಗೊತ್ತಲ್ಲ ವರ್ನಾ? ನೌಕರರು ಸ್ವಂತ ಖಾತೇನ ಮುಟ್ಟಂಗಿಲ್ಲ. ಮುಟ್ಟಿದ್ರೆ ನಾನು ನಿನ್ನನ್ನ ಮನೆಗೆ ಕಳಿಸ್ಬೇಕಾಗುತ್ತೆ. ಎಲ್ರ ಹಾಗೆ ಹೊರಗಡೆಯಿಂದ ಫೋನ್ ಮಾಡು. ಅದೂ ಕೆಲಸದ ಹೊತ್ತಲ್ಲಿ ಬೇಡ, ಊಟದ ಬಿಡುವಲ್ಲಿ."

ಊಟದ ಬಿಡುವಿನಲ್ಲಿ ವರ್ನಾ ಕೋಟು ಹಾಕಿಕೊಂಡು ಹೊರಗೆ ಹೋಗಿ ತನ್ನ ಕಾರಿನಲ್ಲಿ ಕೂತಳು. ನನ್ನ ಕಿಟಕಿಯಿಂದ ಅವಳು ಕಾಣುತ್ತಿದ್ದಳು. ಮೊದಲು ನಮ್ಮ ಯಂತ್ರ ಅವಳಿಗೆ, ನಿಮ್ಮ ಕರೆ ನಮಗೆ ಅಮೂಲ್ಯ, ಎಂದು ಹೇಳಿತು. ಆಮೇಲೆ ಪಿಟೀಲು ಕೇಳಿಸಿತು. ನಾನು ಕಿಟಕಿಯಲ್ಲಿ ಕೈ ಬೀಸಿದೆ, ಅವಳೂ ಬೀಸಿದಳು. ಕೊನೆಗೆ ಕರೆ ಸುತ್ತಿ ಬಂದು ನನ್ನ ಕಿವಿಗೇ ಬಿತ್ತು.

"ಟ್ವೈಲಾ, ನಾನೇ ಕಣೇ."

"ರಿವರ್‌ಬೆಂಡ್ ವಸೂಲಿ ಕಂಪನಿಗೆ ಸ್ವಾಗತ. ಈ ಕರೆ ರೆಕಾರ್ಡ್ ಆಗ್ತಿದೆ. ನಿಮ್ಮ ಪೂರ್ತಿ ಹೆಸರು ಹೇಳಿ ಅಮ್ಮ."

"ಏನೇ ಇದು? ಬೆಳಿಗ್ಗೆ ನನ್ನ ಡಬ್ಬೀಲಿದ್ದ ಜೋಳದ ಬ್ರೆಡ್ ಪೂರ್ತಿ ಮುಕ್ಕಿದ್ಯಲ್ಲ, ಆಗ ಹೆಸರು ಗೊತ್ತಿತ್ತಾ?"

"ಕರೆ ರೆಕಾರ್ಡ್ ಆಗ್ತಿದೆ ಅಮ್ಮಾ," ಎಂದೆ ಒತ್ತಿ.

ಅವಳಿಗೆ ಅರ್ಥವಾಯಿತು. ಈ ರೆಕಾರ್ಡುಗಳನ್ನು ಟೀಗ್ ಕೇಳುತ್ತಾನೆ, ನಿಯಮ ತಪ್ಪಿದವರ ಸಂಬಳ ಮುರಿಯುತ್ತಾನೆ. ಗಂಟಲು ಸರಿಮಾಡಿಕೊಂಡು ಹೆಸರು ಹೇಳಿದಳು, ಹುಟ್ಟಿದ ತಾರೀಖು ಹೇಳಿದಳು. ಕನ್ನಡಕ ಹಾಕಿಕೊಂಡು ನಾನು ಎದುರಿಗಿದ್ದ ಬರಹ ಓದತೊಡಗಿದೆ.

"ನಿಮ್ಮ ಒಟ್ಟು ಬಾಕಿಯಲ್ಲಿ ಒಂಬೈನೂರು ಚಿಲ್ಲರೆ ಜಮಾ ಆಗಿದೆ. ಇನ್ನೂ ನಾನೂರು ಚಿಲ್ಲರೆ ಉಳಿದಿದೆ. ಇವತ್ತೇ ಕಟ್ತೀರಾ?"

"ಇನ್ನೂ ಇದೆಯಾ!" ಎಂದಳು. ಕಾರಿನೊಳಗೆ ಅವಳ ಕೈ ಮೇಲೆದ್ದದ್ದು ನನಗೆ ಕಂಡಿತು. "ಟೋಲ್ ಎಷ್ಟು ತಾಯಿ ಒಂದು ಸಲಕ್ಕೆ?"

"ಒಂದೂವರೆ ಡಾಲರ್. ಆಮೇಲೆ ದಂಡ. ದಂಡ ಕಟ್ಟದೇ ಇದ್ದಿದ್ದಕ್ಕೆ ದಂಡ. ಆಮೇಲೆ ನಮ್ಮ ಕಂಪನಿ ಶುಲ್ಕ. ನಿಮ್ಮನ್ನ ಹುಡುಕಿದ ಖರ್ಚು."

"ಹುಡುಕಿದ್ರಾ ನನ್ನನ್ನ? ಎಲ್ಲಿ ಹುಡುಕಿದ್ರಿ?"

ನಗು ತಡೆಯಲು ನಾನು ತುಟಿ ಕಚ್ಚಿಕೊಂಡೆ. ನಾಲ್ಕು ಅಡಿ ದೂರದಲ್ಲಿ ಅವಳ ಖಾಲಿ ಕುರ್ಚಿ ಇತ್ತು, ಅದರ ಬೆನ್ನಿಗೆ ಅವಳ ಉಣ್ಣೆಯ ಶಾಲು. ನಗು ಬಂದ ಹಾಗೆಯೇ ಹೋಯಿತು. ಎಷ್ಟೋ ವರ್ಷಗಳಿಂದ ನಾವು ದಿನವಿಡೀ ಇದೇ ಬರಹವನ್ನು ಓದುತ್ತಿದ್ದೆವು, ಆದರೆ ಕೇಳಿಸಿಕೊಳ್ಳುವವರ ಮುಖ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಇದೇ ಮೊದಲು.

ವರ್ನಾ ಮಾತ್ರ ಆಟ ಬಲ್ಲವಳು. ಸಾಲಗಾರರು ಯಾವ ಮಾತು ಆಡಿದರೆ ನಮಗೆ ಕೈಕಟ್ಟಿದಂತಾಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ತಿಳಿದವರಿಲ್ಲ.

"ಈ ಸಾಲ ನಂದಲ್ಲ ಅಂತ ತಕರಾರು ಎತ್ತಿದೀನಿ. ಇವತ್ತೇ ಬರ್ದೂ ಕೊಡ್ತೀನಿ. ನಂದೇ ಅನ್ನೋಕೆ ಪುರಾವೆ ಕಳ್ಸಿ. ಅದು ಬರೋವರೆಗೂ ಒಂದು ಕಾಸೂ ಕೇಳಂಗಿಲ್ಲ. ಬರ್ಕೊಳಮ್ಮ."

ಬರೆದುಕೊಂಡೆ. ಸೇತುವೆ ಮಂಡಳಿಗೆ ಪುರಾವೆ ಕೇಳಿ ಕಳಿಸಿದೆ. ಊಟದ ಬಿಡುವು ಮುಗಿಯಿತು. ಅವಳು ಒಳಗೆ ಬಂದು, ಶಾಲು ಹೊದ್ದು, ಒಬ್ಬ ಬಡಗಿಗೆ ಫೋನು ಮಾಡಿ ಅವನ ಮೊಮ್ಮಗಳ ನೆಗಡಿ ವಿಚಾರಿಸಿದಳು. ರಿಫಂಡ್ ಬಂತಾ ಎಂದು ಮಾತ್ರ ಕೇಳಲಿಲ್ಲ. ಗಂಟಲು ಹಿಡಿದುಕೊಂಡಿದೆ ಎಂದು ಹೇಳಿ ಫೋನಿಟ್ಟಳು.

ಮುಂದಿನ ವಾರ ಪುರಾವೆ ಬಂತು. ಸೇತುವೆಯ ಕ್ಯಾಮೆರಾ ತೆಗೆದ ಫೋಟೋಗಳು. ಕಂತೆಯನ್ನು ಬಿಚ್ಚಿದವಳು ನಾನು. ಸಾಸಿವೆ ಬಣ್ಣದ ಹಳೆಯ ಬ್ಯೂಯಿಕ್ ಕಾರು. ಒಂದು ಬೇಸಗೆಯೆಲ್ಲ, ಪ್ರತಿ ಶನಿವಾರ ಬೆಳಿಗ್ಗೆ ಆಚೆಗೆ, ಮಧ್ಯಾಹ್ನ ಈಚೆಗೆ. ಹಿಂದಿನ ಸೀಟಿನಲ್ಲಿ ಗಾಲ್ಫ್ ಆಟದ ಕೋಲುಗಳ ಚೀಲ. ಓಡಿಸುತ್ತಿದ್ದವನು ಒಂದು ಫೋಟೋದಲ್ಲಿ ಕೋಳಿಕಾಲು ಕಚ್ಚುತ್ತಿದ್ದ. ಇನ್ನೊಂದರಲ್ಲಿ ಕನ್ನಡಿ ನೋಡಿ ಹುಬ್ಬು ತೀಡಿಕೊಳ್ಳುತ್ತಿದ್ದ.

"ವರ್ನಾ, ಇಲ್ಲಿ ಬಾ," ಎಂದೆ. ಫೋಟೋಗಳನ್ನು ಮೇಜಿನ ಮೇಲೆ ಹರಡಿದೆ.

ಅವಳು ಬಗ್ಗಿ ನೋಡಿದಳು.

"ಅದು ಡ್ವೈಟ್‌ನ ಕಾರು," ಎಂದಳು. "ಅವನು ಸತ್ತ ವರ್ಷ ನಾನೇ ಮಾರಿದ್ದು. ಹೂಳೋ ಖರ್ಚಿಗೆ."

ಕೊಂಡವನು ರ್‍ಯಾಂಡಲ್ ಟೀಗ್. ಪಾಪ, ವಿಧವೆಗೆ ಸಹಾಯವಾಗಲಿ ಎಂದು ಅರ್ಧ ಬೆಲೆಗೆ ಕೊಂಡಿದ್ದ. ನೋಂದಣಿಯನ್ನು ತನ್ನ ಹೆಸರಿಗೆ ಬದಲಾಯಿಸುವ ಕೆಲಸವನ್ನೆಲ್ಲ ತಾನೇ ನೋಡಿಕೊಳ್ಳುತ್ತೇನೆ, ನೀನು ದುಃಖದಲ್ಲಿದ್ದೀಯ, ಎಂದು ಹೇಳಿದ್ದ. ಬದಲಾಯಿಸಿದರೆ ನಮ್ಮ ರಾಜ್ಯಕ್ಕೆ ಮಾರಾಟ ತೆರಿಗೆ ಕಟ್ಟಬೇಕು. ಹಾಗಾಗಿ ಬದಲಾಯಿಸಿರಲಿಲ್ಲ. ತನ್ನ ಹೊಸ ಬಿಳಿ ಕಾರಿನ ಸೀಟಿಗೆ ಮೈದಾನದ ಮಣ್ಣು ತಾಗಬಾರದೆಂದು ಗಾಲ್ಫಿಗೆ ಬ್ಯೂಯಿಕ್ಕಿನಲ್ಲೇ ಹೋಗುತ್ತಿದ್ದ. ಟೋಲ್ ಕಟ್ಟುತ್ತಿರಲಿಲ್ಲ. ಇಂಜಿನ್ನು ಹೋದ ದಿನ ಗುಜರಿಗೆ ಹಾಕಿದ್ದ.

ಕಾರು ಮಾರಿದ ದಿನ ಇಬ್ಬರೂ ಸಹಿ ಹಾಕಿದ್ದ ರಸೀದಿ ವರ್ನಾಳ ಬೈಬಲ್ಲಿನೊಳಗೆ ಇನ್ನೂ ಇತ್ತು. ನಾನಾಗಿದ್ದರೆ ಫೋಟೋ, ರಸೀದಿ ಎರಡನ್ನೂ ತೆಗೆದುಕೊಂಡು ಗಾಜಿನ ಕೋಣೆಗೆ ನುಗ್ಗಿ ಕೂಗಾಡುತ್ತಿದ್ದೆ. ವರ್ನಾ ಹಾಗೆ ಮಾಡಲಿಲ್ಲ. ಮರುದಿನ ಟೀಗ್ ಫ್ಲೋರಿಡಾದಿಂದ ಬಿಸಿಲಿಗೆ ಮೂಗು ಸುಟ್ಟುಕೊಂಡು ಬಂದು ಕೋಣೆಯಲ್ಲಿ ಕೂತ. ಅವಳು ನೀರು ಕುಡಿದಳು, ಕುರ್ಚಿ ಮುಂದೆಳೆದುಕೊಂಡಳು, ಅವನ ನಂಬರು ಒತ್ತಿದಳು.

"ನಮಸ್ಕಾರ, ರ್‍ಯಾಂಡಲ್ ಟೀಗ್ ಅವರಾ? ಇದು ಸಾಲ ವಸೂಲಿಗಾಗಿ ಮಾಡಿದ ಕರೆ. ನೀವು ಹೇಳೋದನ್ನೆಲ್ಲ ಅದಕ್ಕೇ ಬಳಸ್ಕೋತೀವಿ. ಕರೆ ರೆಕಾರ್ಡ್ ಆಗ್ತಿದೆ."

'ಸಾಲ' ಎನ್ನುವಾಗ ಸಿಳ್ಳೆ ಬಂತು. ಗಾಜಿನಾಚೆ ಟೀಗ್ ತಲೆಯೆತ್ತಿ ನಮ್ಮ ಕಡೆ ನೋಡಿ ನಕ್ಕ.

"ಏನ್ ತಮಾಷೆ ವರ್ನಾ ಇದು? ಒಳಗೆ ಬಾ."

"ಮಂಡಿನೋವು ಹೇಗಿದೆ ಸರ್? ಗಾಲ್ಫ್ ಆಡೋಕೆ ಆಗ್ತಿದೆಯಾ?"

"ಆಗ್ತಿದೆ, ಆಗ್ತಿದೆ. ಏನು ವಿಷಯ?"

"ಆಚೆ ದಡದ ಮೈದಾನದಲ್ಲೇ ಆಡ್ತೀರಾ ಇನ್ನೂ? ಸಾಸಿವೆ ಬಣ್ಣದ ಬ್ಯೂಯಿಕ್ ನೆನಪಿದೆಯಾ ಸರ್? ನಿಮ್ಮ ಫೋಟೋಗಳು ನನ್ನ ಮುಂದಿವೆ. ತುಂಬ ಚೆನ್ನಾಗಿ ಬಂದಿದೀರಿ. ಕೋಳಿಕಾಲು ಹಿಡ್ಕೊಂಡಿರೋದಂತೂ ಕಟ್ಟು ಹಾಕಿಸ್ಬಹುದು."

ಟೀಗ್‌ನ ನಗು ನಿಂತಿತು. ಕಚೇರಿಯ ಎಲ್ಲ ಫೋನುಗಳೂ ಒಂದೊಂದಾಗಿ ನಿಂತವು. ಯಾರೂ ತಿರುಗಿ ನೋಡಲಿಲ್ಲ, ಎಲ್ಲರ ಬೆನ್ನುಗಳೂ ಕೇಳಿಸಿಕೊಳ್ಳುತ್ತಿದ್ದವು.

"ನೋಡು ವರ್ನಾ," ಎಂದ ಅವನು ಮೆಲ್ಲಗೆ, "ಈಗ ಕೈಯಲ್ಲಿ ಅಷ್ಟು ದುಡ್ಡಿಲ್ಲ. ಮನೆ ಚಾವಣಿ ಹಾಕಿಸ್ತಾ ಇದೀನಿ."

"ಅರ್ಥ ಆಗುತ್ತೆ ಸರ್. ಎಲ್ರಿಗೂ ಕಷ್ಟ ಇದ್ದಿದ್ದೇ. ಸಹಾಯ ಮಾಡೋ ನೆಂಟರು ಯಾರಾದ್ರೂ ಇದಾರಾ? ಮಾರೋ ಅಂಥದ್ದು ಏನಾದ್ರೂ ಮನೇಲಿ ಇದೆಯಾ? ಗಾಲ್ಫ್ ಕೋಲುಗಳು?"

ಇವು ಅವನೇ ನಮಗೆ ಬಾಯಿಪಾಠ ಮಾಡಿಸಿದ್ದ ಮಾತುಗಳು. ಯಾವ ಪದದ ಮೇಲೆ ಒತ್ತು ಕೊಡಬೇಕು, ಎಲ್ಲಿ ಉಸಿರು ನಿಲ್ಲಿಸಿ ಕಾಯಬೇಕು ಎಂಬುದನ್ನೂ ಅವನೇ ಹೇಳಿಕೊಟ್ಟಿದ್ದ. ವರ್ನಾ ಉಸಿರು ನಿಲ್ಲಿಸಿ ಕಾದಳು.

"ನಿನ್ನ ಕೆಲಸದಿಂದ ತೆಗೀತೀನಿ," ಎಂದ ಟೀಗ್.

"ಅದು ನಿಮ್ಮಿಷ್ಟ ಸರ್. ಸೇತುವೆ ಮಂಡಳಿಯೋರು ನಮ್ಮ ಗುತ್ತಿಗೆ ಮುಂದುವರಿಸೋದನ್ನ ಮುಂದಿನ ತಿಂಗಳು ಮಾತಾಡ್ತಾರಂತೆ. ಪುರಾವೆ ಪರಿಶೀಲಿಸಿ ವರದಿ ಕಳ್ಸಿ ಅಂತ ಕೇಳಿದಾರೆ. ಟ್ವೈಲಾ ಕಳಿಸ್ಬೇಕು. ಏನಂತ ಬರೀಲಿ ಅಂತ ಪಾಪ ಕೂತಿದಾಳೆ."

ಟೀಗ್ ನನ್ನ ಕಡೆ ನೋಡಿದ. ನಾನು ಪೆನ್ನು ಎತ್ತಿ ತೋರಿಸಿದೆ.

"ಕಾರಿನ ಮಾರಾಟ ತೆರಿಗೆ ಬಗ್ಗೆ ನಾನು ಏನೂ ಹೇಳಲ್ಲ ಸರ್," ಎಂದು ವರ್ನಾ ಮುಂದುವರಿಸಿದಳು, "ಅದು ನಮ್ಮ ಗಿರಾಕಿಯ ಬಾಕಿ ಅಲ್ಲ. ಸದ್ಯಕ್ಕೆ ಅಲ್ಲ."

ಗಾಜಿನಾಚೆ ಟೀಗ್ ಮೇಜಿನ ಖಾನೆ ಎಳೆದ.

"ನಿನ್ನ ಹೆಸರಿಗೆ ಚೆಕ್ ಬರ್ಕೊಡ್ತೀನಿ. ಒಂಬೈನೂರು ಎಷ್ಟು?"

"ಸ್ವಂತ ಚೆಕ್ ತಗೊಳ್ಳಲ್ಲ ಸರ್. ನಿಮ್ದೇ ನಿಯಮ. ಬ್ಯಾಂಕಿನ ಚೆಕ್ ತನ್ನಿ. ಐದು ಗಂಟೆಯೊಳಗೆ ತಂದ್ರೆ ನಾಳೆ ಮತ್ತೆ ಫೋನ್ ಮಾಡೋ ತೊಂದರೆ ತಪ್ಪುತ್ತೆ."

ಟೀಗ್ ಟೋಪಿ ಹಾಕಿಕೊಂಡು ಬ್ಯಾಂಕಿಗೆ ಹೋದ. ಅವನು ಬಾಗಿಲು ದಾಟಿದ ಮೇಲೆ ಯಾರೋ ಒಬ್ಬರು ಗಂಟೆ ಬಾರಿಸಿದರು. ಯಾರೆಂದು ನಾನು ಹೇಳುವುದಿಲ್ಲ.

ವರ್ನಾಳ ಹಲ್ಲು ಏಪ್ರಿಲಿನಲ್ಲಿ ಬಂತು. ಸಿಳ್ಳೆ ಹೋಯಿತು. ಸೇಬು ಕಚ್ಚಿದಳು, ಇಡೀ ಸೇಬು. ಅದರ ಬೀಜವನ್ನೂ ಉಗುಳಲಿಲ್ಲ.

ಕತೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಎರಡು ರಾಜ್ಯಗಳು ಒಂದು ಕೆಲಸಕ್ಕೆ ಕೈ ಹಾಕಿದರೆ ಅದು ಅಷ್ಟು ಬೇಗ ಮುಗಿಯುವುದಿಲ್ಲ. ನಾನು ಫೋಟೋ, ರಸೀದಿಯ ಸಮೇತ ವರದಿ ಕಳಿಸಿದೆ. ತಪ್ಪಾಗಿದೆ ಎಂದು ಸೇತುವೆ ಮಂಡಳಿ ಒಪ್ಪಿಕೊಂಡಿತು, ಬಾಕಿಯನ್ನು ವರ್ನಾಳ ಹೆಸರಿನಿಂದ ತೆಗೆದು ಟೀಗ್‌ನ ಹೆಸರಿಗೆ ಬರೆಯಿತು, ಹಣವನ್ನು ನಮ್ಮ ರಾಜ್ಯಕ್ಕೆ ಹಿಂದಿರುಗಿಸಿತು. ನಮ್ಮ ರಾಜ್ಯ ಬೇಸಗೆಯೆಲ್ಲ ಅದನ್ನು ಇಟ್ಟುಕೊಂಡು, ಶರತ್ಕಾಲದಲ್ಲಿ ವರ್ನಾಳಿಗೆ ಕಳಿಸಿತು. ಟೀಗ್ ಮಂಡಳಿಗೆ ಪೂರ್ತಿ ಬಾಕಿ, ದಂಡ, ದಂಡದ ದಂಡ ಎಲ್ಲ ಕಟ್ಟಬೇಕಾಯಿತು. ಅದರಲ್ಲಿ ತನ್ನದೇ ಕಂಪನಿಯ ಶುಲ್ಕವೂ ಸೇರಿತ್ತು. ಕಂಪನಿಗೆ ಬಂದ ಆ ಶುಲ್ಕದ ಮೇಲೆ ಆದಾಯ ತೆರಿಗೆ ಬೇರೆ.

ರಿಫಂಡ್ ಬಂದ ಸುದ್ದಿ ಅವನ ಕಿವಿಗೂ ಬಿತ್ತು. ಒಂದು ದಿನ ವರ್ನಾಳ ಮೇಜಿನ ಹತ್ತಿರ ಬಂದು ನಿಂತ. ಅವಳ ಮೇಜಿನ ಹತ್ತಿರ ಅವನಾಗಿ ಬಂದದ್ದು ನಾನು ನೋಡಿದ್ದು ಅದೊಂದೇ ಸಲ.

"ವರ್ನಾ, ಈಗ ನಿಂಗೆ ಎರಡು ಸಲ ಸಿಕ್ಕಂಗಾಯ್ತಲ್ಲ. ನಾನು ಕೊಟ್ಟಿದ್ದು ವಾಪಸ್ ಬರ್ಬೇಕು."

"ಹೌದು ಸರ್, ಬರ್ಬೇಕು," ಎಂದಳು ಅವಳು ತಕ್ಷಣ. "ನಿಮ್ಮ ದುಡ್ಡು ನಂಗೆ ಬೇಡ. ಆದ್ರೆ ಮನೆ ಒಲೆ ಕೆಟ್ಟು ರಿಪೇರಿ ಮಾಡಿಸ್ದೆ, ಕೈಯಲ್ಲಿ ಅಷ್ಟಿಲ್ಲ. ಕಂತಲ್ಲಿ ಕೊಡ್ತೀನಿ. ತಿಂಗಳಿಗೆ ಐದು ಡಾಲರ್."

"ಐದಾ! ಅದು ತೀರೋದು ಯಾವಾಗ?"

"ಒಳ್ಳೇ ಮನಸ್ಸಿಂದ ಕೊಡೋ ಕಂತು ಎಷ್ಟೇ ಸಣ್ಣದಾದ್ರೂ ಬೇಡ ಅನ್ಬಾರ್ದು ಅಂತ ಫ್ಲೋರಿಡಾದಲ್ಲಿ ಭಾಷಣ ಮಾಡಿದ್ರಂತಲ್ಲ ಸರ್? ಕಂಪನಿ ಪತ್ರಿಕೇಲಿ ಓದ್ದೆ. ಕಣ್ಣಲ್ಲಿ ನೀರು ಬಂತು."

ಟೀಗ್ ತನ್ನ ಗಾಜಿನ ಕೋಣೆಗೆ ವಾಪಸು ಹೋದ. ತಿಂಗಳ ಮೊದಲ ದಿನ ಅವಳು ಲಕೋಟೆಯಲ್ಲಿ ಐದು ಡಾಲರ್ ಇಟ್ಟು ಅವನಿಗೆ ಕೊಡುತ್ತಾಳೆ, ರಸೀದಿ ಕೇಳಿ ಪಡೆಯುತ್ತಾಳೆ. ಒಂದು ತಿಂಗಳೂ ತಪ್ಪಿಸಿಲ್ಲ. ಕೆಲಸ ಬಿಟ್ಟುಬಿಡಬಾರದಿತ್ತೇ ಎಂದು ನಾನೊಮ್ಮೆ ಕೇಳಿದೆ. "ಬಿಟ್ಟು ಎಲ್ಲಿಗೆ ಹೋಗ್ಲಿ? ಕೋಳಿ ಕುಯ್ಯೋ ಕಾರ್ಖಾನೆಗಾ?" ಎಂದಳು. ಆದರೆ ಒಂದು ಬದಲಾಗಿತ್ತು. ಫೋನಿನಲ್ಲಿ ಯಾರಾದರೂ, ಇದು ನನ್ನದಲ್ಲ, ಎಂದರೆ ಮೊದಲಿನಂತೆ ನಯವಾಗಿ ಮುಂದೆ ತಳ್ಳುತ್ತಿರಲಿಲ್ಲ. "ಪುರಾವೆ ಕೇಳಿ ಕಂದಾ. ಬರ್ದು ಕೇಳಿ. ನಾನು ಹೇಳಿಕೊಟ್ಟೆ ಅನ್ಬೇಡಿ," ಎನ್ನುತ್ತಿದ್ದಳು. ಅವಳ ವಸೂಲಿ ಇಳಿಯಿತು, ತಿಂಗಳ ಬಹುಮಾನ ಬೇರೆಯವರಿಗೆ ಹೋಯಿತು. ಆ ಕರೆಗಳೂ ರೆಕಾರ್ಡ್ ಆಗುತ್ತಿದ್ದವು. ಟೀಗ್ ಅವುಗಳನ್ನು ಕೇಳಿದನೋ ಇಲ್ಲವೋ ತಿಳಿಯದು, ಅವಳಿಗಂತೂ ಏನೂ ಹೇಳಲಿಲ್ಲ.

ಟೀಗ್‌ಗೆ ನಷ್ಟವಾಯಿತೆಂದು ಯಾರೂ ಮರುಗಬೇಕಿಲ್ಲ. ಸೇತುವೆ ಮಂಡಳಿ ಗುತ್ತಿಗೆಯನ್ನು ಮುಂದುವರಿಸಿದ್ದಷ್ಟೇ ಅಲ್ಲ, ಇನ್ನೊಂದು ಸೇತುವೆಯನ್ನೂ ಕೊಟ್ಟಿತು. ಯಜಮಾನನಿಂದಲೇ ಪೂರ್ತಿ ವಸೂಲಿ ಮಾಡಿದ ಕಂಪನಿ ಬೇರೆಲ್ಲಿದೆ, ಎಂದು ಅವರ ಅಧ್ಯಕ್ಷರು ಮೆಚ್ಚಿಕೊಂಡರಂತೆ. ಈಗ ಟೀಗ್ ಹೋದಲ್ಲೆಲ್ಲ ಇದೇ ಕತೆ ಹೇಳುತ್ತಾನೆ. ನ್ಯಾಯದ ಮುಂದೆ ನಾನೂ ಒಂದೇ, ಬೇರೆ ಸಾಲಗಾರರೂ ಒಂದೇ, ಎನ್ನುತ್ತಾನೆ. ಕೋಳಿಕಾಲಿನ ವಿಷಯ ಮಾತ್ರ ಬಿಟ್ಟು ಹೇಳುತ್ತಾನೆ.

ಕಳೆದ ತಿಂಗಳು ಊರಿನ ವ್ಯಾಪಾರಿಗಳ ಸಂಘದ ಊಟಕ್ಕೆ ನಮ್ಮಿಬ್ಬರನ್ನೂ ಕರೆದೊಯ್ದಿದ್ದ. ಭಾಷಣ ಮುಗಿಸಿ ಅವನು ಕೂತ ಮೇಲೆ ಔಷಧಿ ಅಂಗಡಿಯವನ ಹೆಂಡತಿ ವರ್ನಾಳ ಕಡೆ ಬಾಗಿ ಕೇಳಿದಳು:

"ನಿಜಾನಾ ಇದೆಲ್ಲ? ನಿಮ್ಮ ಯಜಮಾನರು ಅಷ್ಟು ನಿಯತ್ತಿನವರಾ?"

ವರ್ನಾ ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ ಹಚ್ಚುತ್ತಿದ್ದಳು. ಟೀಗ್ ಕೇಳಿಸಿಕೊಳ್ಳುತ್ತಿದ್ದ.

"ತುಂಬ ಒಳ್ಳೇ ಸಾಲಗಾರರು," ಎಂದಳು. "ಮೊದಲ್ನೇ ಕರೇಗೇ ಫೋನ್ ಎತ್ತಿದ್ರು."